ಕೊಯ್ದದ್ದೂ ಚೆನ್ನಾಗಿದೆ ಎಂದ ರಿಪೋರ್ಟು

"ಅಮ್ಮಾ, ಆ ಅಜ್ಜಿ ಯಾಕೆ ಒಂದೇ ಕೆನ್ನೇಲಿ ಬೈತಾರೆ?" ಎಂದು ಅನ್ವಿತಾ ಕೇಳಿದಳು. ಶಾಲೆ ಬಿಟ್ಟ ಮೇಲೆ ಅವಳು, ತಾಯಿ ಸರಸ ಟೈಪಿಸ್ಟಾಗಿದ್ದ ಹಾಸನದ ಸ್ಕ್ಯಾನ್ ಸೆಂಟರಿನಲ್ಲೇ ಕೂತಿರುತ್ತಿದ್ದಳು. ಇನ್ನೊಂದು ಕೆನ್ನೆಗೆ ಆಪರೇಷನ್ ಆಗಿದೆ ಪುಟ್ಟಿ, ಅಲ್ಲಾಡೋದಿಲ್ಲ ಎಂದು ಹೇಳಿ ಸರಸ ಎರಡು ಬಿಸ್ಕತ್ತು ಕೊಟ್ಟಳು.

ಬೈಯುತ್ತಿದ್ದವಳು ಮಲ್ಲಿಪಟ್ಟಣದ ಬೆಟ್ಟಮ್ಮ. ನಾಟಿಯ ದಿನ ಬದುವಿನ ಮೇಲೆ ನಿಂತು ಇಪ್ಪತ್ತಾಳನ್ನು ಆಡಿಸಿದ ಗಂಟಲು. ಹೊಗೆಸೊಪ್ಪು ಒತ್ತರಿಸುತ್ತಿದ್ದ ಎಡಗೆನ್ನೆಯಲ್ಲಿ ಕ್ಯಾನ್ಸರ್ ಆಗಿ, ೨೦೦೫ರಲ್ಲಿ ಕೆನ್ನೆಯ ಜೊತೆಗೆ ದವಡೆ ಕೆಳಗಿನ ಜೊಲ್ಲುಗ್ರಂಥಿಯನ್ನೂ ಕೊಯ್ದು ತೆಗೆದು, ರೇಡಿಯೇಷನ್ ಕರೆಂಟು ಕೊಟ್ಟಿದ್ದರು. ಈಗ ಬಾಯಿ ತೆರೆದರೆ ಎರಡು ಬೆರಳಗಲ. ಅಷ್ಟರಲ್ಲೇ ಮುದ್ದೆ ನುಂಗುತ್ತಿದ್ದಳು, ಅಷ್ಟರಲ್ಲೇ ಬೈಯುತ್ತಿದ್ದಳು.

ಬೈಯದೆ ಇನ್ನೇನು ಮಾಡಿಯಾಳು? ಎಂಆರ್‌ಐ ಎರಡು ಸಲ ಆಗಿತ್ತು. ಕೆನ್ನೆಯೊಳಗಿನ ಗಂಟು ಗಾಯದ ಕಲೆ ಎಂದು ಒಬ್ಬ ಸ್ಕ್ಯಾನ್ ಡಾಕ್ಟರು ಬರೆದರು. ರೋಗ ಮರುಕಳಿಸಿರಬಹುದು, ಇಲ್ಲದೆಯೂ ಇರಬಹುದು ಎಂದು ಆರು ತಿಂಗಳ ಮೇಲೆ ಇನ್ನೊಬ್ಬರು. ಹಳೆಯ ಫಿಲ್ಮನ್ನು ಪಕ್ಕಕ್ಕಿಟ್ಟು ಗಂಟು ಬೆಳೆದಿದೆಯೇ ಎಂದು ಒಬ್ಬರೂ ನೋಡಿರಲಿಲ್ಲ. ಇದರಿಂದ ಏನೂ ತಿಳಿಯದು, ಮತ್ತೆ ತೆಗೆಸಿ ಎಂದು ಆಪರೇಷನ್ ಮಾಡಿದ ಡಾಕ್ಟರು ಅಟ್ಟಿದ್ದರು; ಇವತ್ತು ಮೂರನೆಯ ಸಲದ್ದು ಮುಗಿದಿತ್ತು. ರೋಗ ಹೋಯಿತೋ ಬಂತೋ, ಹೇಳುವವರೇ ಇಲ್ಲ.

ಸಾಲದ್ದಕ್ಕೆ, ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಮೇಘಶ್ರೀ ಕಳೆದ ಸಲದ ಇಂಗ್ಲಿಷ್ ರಿಪೋರ್ಟನ್ನು ಓದಿ ಅರ್ಥ ಹೇಳಿದ್ದಳು: ಜೊಲ್ಲುಗ್ರಂಥಿಗಳು ಎರಡೂ ಕಡೆ ಚೆನ್ನಾಗಿವೆ.

ಬೆಟ್ಟಮ್ಮ ಆ ಹಾಳೆಯನ್ನು ಸರಸಳ ಕೀಬೋರ್ಡಿನ ಮೇಲೆ ಎಸೆದಳು. "ಕುಯ್ದು ಬಿಸಾಕಿದ್ದು ಮತ್ತೆ ಚಿಗುರ್ತದೇನವ್ವಾ? ನಾನೇನು ಕೂಳೆ ಕಬ್ಬಾ?"

ಸರಸಳ ಕಿವಿ ಬಿಸಿಯಾಯಿತು. ಹಿಂದಿನ ರೋಗಿಯ ರಿಪೋರ್ಟನ್ನೇ ಕಾಪಿ ಮಾಡಿ, ಹೆಸರು ಬದಲಿಸಿ, ಡಾಕ್ಟರು ಹೇಳಿದಷ್ಟನ್ನು ತಿದ್ದುವುದು ಅಲ್ಲಿನ ರೂಢಿ. ಮಿಕ್ಕದ್ದು ಹಾಗೇ ಉಳಿಯುತ್ತಿತ್ತು. ತಪ್ಪು ನನ್ನದೇ ಅಜ್ಜಿ ಎಂದಳು.

"ನಿಂದೊಬ್ಳದೇ ಆಗಿದ್ರೆ ನಿನ್ ಜುಟ್ಟು ಇಡೀತಿದ್ದೆ ಕಣವ್ವಾ. ಸೈನು ಆಕ್ದೋನ ಕಣ್ಣು ಎಲ್ಲೋಗಿತ್ತು?"

ಆಗ ಸರಸಳಿಗೂ ಓದದೆ ಸೈನು ಹಾಕಿದವರ ಮೇಲೆ ರೇಗಿತು. ಕಾಪಿ ಮಾಡುತ್ತಿದ್ದುದನ್ನೆಲ್ಲ ಅಳಿಸಿ ಹೊಸ ಹಾಳೆ ಟೈಪ್ ಮಾಡಿದಳು: ತೆಗೆದದ್ದು ಏನೇನು, ಆ ಜಾಗದಲ್ಲಿ ಈಗ ಏನಿದೆ, ಹಳೆಯ ಫಿಲ್ಮಿಗಿಂತ ದೊಡ್ಡದೋ ಚಿಕ್ಕದೋ, ಕತ್ತಿನಲ್ಲಿ ಗಂಟಿದೆಯೇ, ಮುಂದೇನು. ಒಂದೊಂದರ ಮುಂದೂ ಖಾಲಿ ಜಾಗ. ಇನ್ನು ಮೇಲೆ ಕ್ಯಾನ್ಸರ್ ಚಿಕಿತ್ಸೆಯಾದ ಎಲ್ಲರಿಗೂ ಇದೇ ಎಂದು ಸ್ಕ್ಯಾನ್ ಡಾಕ್ಟರ ಮೇಜಿಗೆ ಒಯ್ದಳು. ನೀನು ನನಗೆ ಪಾಠ ಹೇಳ್ತೀಯಾ ಎಂದರು ಅವರು. ಒಂದು ಜಾಗ ಖಾಲಿ ಬಿಟ್ಟರೂ ಪ್ರಿಂಟ್ ತೆಗೆಯೋಲ್ಲ ಸಾರ್ ಎಂದಳು. ಅವರು ದುರುಗುಟ್ಟಿ ನೋಡಿ, ಹಳೆಯ ಫಿಲ್ಮು ತರಿಸು ಎಂದರು.

ಬೆಟ್ಟಮ್ಮ ಫಿಲ್ಮಿನ ಕವರನ್ನು ಕೊಡಲು ಬಂದವಳು ಕೈಬಿಡದೆ ಹಿಡಿದೇ ನಿಂತಳು.

"ಒಂದುಪ್ಕಾರ ಮಾಡವ್ವಾ. ಸೈನು ಆಕೋಕ್ ಮುಂಚೆ ನನ್ನ ಒಳಕ್ಕೆ ಕರಿ. ಅವ್ನ ಮುಂದೇನೇ ಪೂರ್ತಿ ಓದು, ಕನ್ನಡ್ದಾಗೆ. ಕೆಟ್ಟದ್ದಿದ್ರೂ ನುಂಗ್ಬ್ಯಾಡ."