ಹೂವು ಕಟ್ಟಲಾಗದ ಮಡ್‌ಗಾರ್ಡ್

ಮಳೆಗಾಲದಲ್ಲಿ ಮಡ್‌ಗಾರ್ಡ್ ಇಲ್ಲದ ಸೈಕಲ್ ಹೊಡೆದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ನಮ್ಮ ಅತ್ತೆಯ ಮುಖ ನೋಡಿ. ಬೆಳಗ್ಗೆ ಬನಶಂಕರಿಯ ನಮ್ಮ ಮನೆಯಿಂದ ಜಯನಗರದ ಕಡೆಗೆ ಒಂದು ಸುತ್ತು ಹೊಡೆದು ಬಂದು, ಹಾಲಿನ ಪ್ಯಾಕೆಟ್ ಹಿಡಿದು ಅಡುಗೆಮನೆಗೆ ನುಗ್ಗುತ್ತಿದ್ದೆ.

"ಅಲ್ಲೇ ನಿಲ್ಲು" ಅಂದರು ಅತ್ತೆ. ನಿಂತೆ. "ತಿರುಗು" ಅಂದರು. ತಿರುಗಿದೆ.

"ಬೆನ್ನ ಮೇಲೆ ಮೋರಿ ಹರಿಸ್ಕೊಂಡು ಬಂದಿದೀಯಲ್ಲೇ" ಅಂದರು.

ಬಚ್ಚಲಲ್ಲಿ ಬಟ್ಟೆ ಕಳಚಿ ನೋಡಿದರೆ ನಿಜ. ಸೊಂಟದಿಂದ ಕುತ್ತಿಗೆಯವರೆಗೆ ಕಪ್ಪು ಪಟ್ಟೆ. ನಮ್ಮ ರಸ್ತೆಗಳ ಮಳೆನೀರಿನಲ್ಲಿ ಏನೇನು ಸೇರಿರುತ್ತದೆ ಎಂದು ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನಗೇ ಹೇಸಿಗೆಯಾಯಿತು.

ಈ ಸೈಕಲ್ ನಮ್ಮ ಮನೆಗೆ ಬಂದದ್ದೇ ಜಗಳ ಮಾಡಿಕೊಂಡು. ನನ್ನ ಮಂಡಿನೋವಿಗೆ ಡಾಕ್ಟರು ಸೈಕಲ್ ತುಳಿಯಿರಿ ಅಂದರು. ನಾನು ಹೋಗಿ ದಪ್ಪ ಟೈರಿನ ಮೌಂಟನ್ ಬೈಕ್ ತಂದೆ. ಇಲ್ಲಿ ಬೆಟ್ಟ ಎಲ್ಲಿದೆ ಎಂದು ಗಂಡ ಕೇಳಿದರು. ಬೆಟ್ಟ ಇಲ್ಲದಿದ್ದರೇನು, ಹಳ್ಳ ಇದೆಯಲ್ಲ, ಅಂದೆ. ಅತ್ತೆಗೆ ಮಾತ್ರ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಸೊಸೆ, ತಲೆ ನರೆತ ಮೇಲೆ, ಪ್ಯಾಂಟು ಹಾಕಿಕೊಂಡು, ಪೇಪರ್ ಹಾಕುವವರ ಹಾಗೆ ಬೀದಿ ಸುತ್ತುವುದೆಂದರೆ ಏನು. ಇಲ್ಲೇ ಪಕ್ಕದ ಶ್ರೀನಗರದಲ್ಲಿರುವ ಅವರ ತಂಗಿಗೆ ಫೋನಿನಲ್ಲಿ "ಹೇಳೋರಿಲ್ಲ ಕೇಳೋರಿಲ್ಲ ಈ ಮನೇಲಿ" ಎನ್ನುತ್ತಿದ್ದರು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ.

ನಾನೂ ಕಡಿಮೆಯವಳಲ್ಲ. ಬೆನ್ನಿನ ಕೆಸರೇ ತಾನೇ ತಕರಾರು, ಅದನ್ನು ನಿಲ್ಲಿಸಿ ತೋರಿಸುತ್ತೇನೆ ಎಂದು ಮಡ್‌ಗಾರ್ಡಿನ ಬೆನ್ನು ಹತ್ತಿದೆ. ಮೌಂಟನ್ ಬೈಕಿಗೆ ಕಂಪನಿಯವರು ಮಡ್‌ಗಾರ್ಡ್ ಕೊಡುವುದಿಲ್ಲ. ಕಾಡಿನ ಜಿಗುಟು ಮಣ್ಣು ಟೈರಿಗೂ ಗಾರ್ಡಿಗೂ ನಡುವೆ ಸಿಕ್ಕಿ ಚಕ್ರ ಹಿಡಿದುಬಿಡುತ್ತದಂತೆ. ಬೇಕಾದವರು ತಾವೇ ಆರಿಸಿಕೊಳ್ಳಬೇಕು. ಚಕ್ರದಿಂದ ದೂರ ನಿಲ್ಲುವ ಗಿಡ್ಡ ಜಾತಿಯದೊಂದಿದೆ, ಅದು ಅರ್ಧ ನೀರು ತಡೆಯುತ್ತದೆ, ಅರ್ಧ ಬಿಡುತ್ತದೆ. ಇನ್ನೊಂದು ಚಕ್ರವನ್ನು ತಬ್ಬಿಕೊಂಡ ಹಾಗೆ ಉದ್ದಕ್ಕೆ ಬಾಗಿ ಕೂರುವಂಥದ್ದು, ಎರಡೂ ಬದಿಗೆ ಸಣ್ಣ ಕಂಬಿಗಳಿರುತ್ತವೆ. ಟೈರಿಗೆ ಹತ್ತಿರವಿದ್ದಷ್ಟೂ ನೀರು ಕಡಿಮೆ ಹಾರುತ್ತದೆ ಎಂದು ಓದಿದೆ. ನನ್ನದು ಕಾಡಲ್ಲ, ಟಾರು ರಸ್ತೆ. ಹತ್ತಿರದ್ದೇ ಇರಲಿ ಎಂದು ಆ ಉದ್ದದ ಗಾರ್ಡುಗಳನ್ನು ತರಿಸಿ, ಬೆರಳು ತೂರದಷ್ಟು ಬಿಗಿಯಾಗಿ ಹಾಕಿಸಿದೆ. ಮರುದಿನ ಮಳೆಯಲ್ಲೇ ಹೋಗಿ, ಒಣ ಬೆನ್ನು ಹೊತ್ತು ಬಂದು ಅತ್ತೆಯ ಮುಂದೆ ತಿರುಗಿ ನಿಂತೆ. ಅವರು ನೋಡಿದರು. ಏನೂ ಅನ್ನಲಿಲ್ಲ. ಏನೂ ಅನ್ನದಿರುವುದು ನಮ್ಮ ಮನೆಯಲ್ಲಿ ದೊಡ್ಡ ಸರ್ಟಿಫಿಕೇಟು.

ಆದರೆ ಆಯುಧಪೂಜೆಯ ದಿನ ಅವರು ಮಾಡಿದ್ದು ನನ್ನನ್ನು ದಂಗುಬಡಿಸಿತು. ಗಂಡ ಕಾರು ತೊಳೆದು ನಿಲ್ಲಿಸಿದ್ದರು. ಅತ್ತೆ ಹರಿವಾಣ ಹಿಡಿದು ಬಂದವರು ಕಾರಿನ ಪೂಜೆ ಬೇಗ ಮುಗಿಸಿ, "ಎಲ್ಲೇ ನಿನ್ನ ಗಾಡಿ?" ಅಂದರು. ನನಗೆ ತಕ್ಷಣ ಅರ್ಥವಾಗಲಿಲ್ಲ. ಸೈಕಲ್ ತಳ್ಳಿಕೊಂಡು ಬಂದೆ. ಅದಕ್ಕೂ ಅರಿಶಿನ, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಆಮೇಲೆ ಬುಟ್ಟಿಯಿಂದ ಚೆಂಡುಹೂವಿನ ಒಂದು ಹಾರ ತೆಗೆದರು. ಗಾಂಧಿಬಜಾರಿನಿಂದ ತಂದದ್ದಲ್ಲ, ತಾವೇ ಹಿಂದಿನ ದಿನ ಕೂತು ದಪ್ಪ ದಾರದಲ್ಲಿ ಪೋಣಿಸಿದ್ದು. ಮಂಡಿಯೂರಲಾಗದ ಆ ವಯಸ್ಸಿನಲ್ಲಿ ಸ್ಟೂಲ್ ಹಾಕಿಸಿಕೊಂಡು ಕೂತು, ಮುಂದಿನ ಮಡ್‌ಗಾರ್ಡಿನ ಎರಡು ಕಂಬಿಗಳಿಗೆ ಆ ಹಾರವನ್ನು ಸುತ್ತಿ ಸುತ್ತಿ ಕಟ್ಟಿದರು. ಮದುವೆಯಾಗಿ ಬಂದ ಮೇಲೆ ಅವರು ನನ್ನದು ಅನ್ನುವ ಯಾವುದನ್ನೂ ಹೀಗೆ ಮುಟ್ಟಿರಲಿಲ್ಲ.

ಮರುದಿನ ಹೊರಡುವಾಗ ಹಾರ ಬಿಚ್ಚಿಡಲೆಂದು ಬಗ್ಗಿದೆ. "ಮುಟ್ಟಬೇಡ, ತಾನಾಗೇ ಒಣಗಿ ಬೀಳ್ಬೇಕು, ಕಿತ್ತರೆ ಶ್ರೇಯಸ್ಸಲ್ಲ" ಅಂದರು ಬಾಗಿಲಿನಿಂದ. ಬೇರೆ ದಿನವಾಗಿದ್ದರೆ ಒಂದು ಮಾತಿಗೆ ಎರಡು ಮಾತು ಕೊಡುತ್ತಿದ್ದೆ. ಅವತ್ತು ಮನಸ್ಸು ಬರಲಿಲ್ಲ. ಊರಿನ ಆಟೋ, ಬಸ್ಸು, ಲಾರಿಗಳೆಲ್ಲ ಒಣ ಹಾರ ನೇತುಹಾಕಿಕೊಂಡು ಓಡಾಡುವುದಿಲ್ಲವೇ, ನನ್ನದೂ ಓಡಾಡಲಿ ಎಂದುಕೊಂಡೆ.

ಜೆ.ಪಿ. ನಗರದ ಕಡೆಯಿಂದ ಬರುವ ಇಳಿಜಾರಿನಲ್ಲಿ ಮಳೆ ಹಿಡಿಯಿತು. ವೇಗವೇನೂ ಇರಲಿಲ್ಲ. ಚಕ್ರದ ಹತ್ತಿರ ಏನೋ ಪಟಪಟ ಬಡಿದ ಸದ್ದು ಕೇಳಿ ಕೆಳಗೆ ನೋಡುವಷ್ಟರಲ್ಲಿ ಮುಂದಿನ ಚಕ್ರ ಗಪ್ಪಂತ ನಿಂತುಹೋಯಿತು. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ ಹೋಗಿ ರಸ್ತೆಯ ಮೇಲೆ ಬಿದ್ದೆ. ಹಿಂದೆ ಬರುತ್ತಿದ್ದ ಬಿಎಂಟಿಸಿ ಬಸ್ಸಿನ ಡ್ರೈವರು ಬ್ರೇಕ್ ಒತ್ತಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ತಲೆಯೆತ್ತಿ ನೋಡಿದರೆ ಬಸ್ಸಿನ ಬಂಪರ್ರು ನನ್ನ ಹೆಲ್ಮೆಟ್ಟಿನ ಪಕ್ಕದಲ್ಲೇ ಇತ್ತು. ಕೈ ಮುರಿದದ್ದು ನನಗೆ ಗೊತ್ತಾದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ. ಯಾರೋ ನನ್ನನ್ನು ಎತ್ತಿ ಫುಟ್‌ಪಾತಿನ ಮೇಲೆ ಕೂರಿಸಿದರು.

ಆಸ್ಪತ್ರೆಯಲ್ಲಿ ನನ್ನನ್ನು ಮಲಗಿಸಿ, ಗಂಡ ಹೋಗಿ ಸೈಕಲ್ ತೆಗೆದುಕೊಂಡು ಬಂದರು. ಮುಂದಿನ ಚಕ್ರದಲ್ಲಿ ಕಂಡದ್ದನ್ನು ನನಗೆ ಹೇಳಿದರು. ನೆನೆದು ಜೋತುಬಿದ್ದ ಹಾರದ ದಾರವನ್ನು ಟೈರಿನ ಉಬ್ಬುಗಳು ಕಚ್ಚಿ ಎಳೆದುಕೊಂಡಿದ್ದವು. ಗಾರ್ಡಿಗೂ ಟೈರಿಗೂ ನಡುವಿನ ಆ ಬೆರಳು ತೂರದ ಸಂದಿಗೆ ಇಡೀ ಹಾರ ಉಂಡೆಯಾಗಿ ತುರುಕಿಕೊಂಡು, ಗಾರ್ಡು ಮಡಚಿಕೊಂಡು ಚಕ್ರದೊಳಗೆ ಹೋಗಿತ್ತು.

"ಅಮ್ಮನಿಗೆ ಹೇಳೋದು ಬೇಡ" ಅಂದರು.

"ಹೇಳಿದ್ರೆ ಅವ್ರು ಉಳಿಯಲ್ಲ" ಅಂದೆ ನಾನು.

ಅದು ಮಾತಿಗೆ ಹೇಳಿದ್ದಲ್ಲ. ಅತ್ತೆಯ ಕೈಗುಣದ ಮೇಲೆ ಬೀದಿಯವರಿಗೆಲ್ಲ ಎಂಥ ನಂಬಿಕೆಯೆಂದರೆ, ಯಾರೇ ಹೊಸ ಗಾಡಿ ತಂದರೂ ಮೊದಲ ಕುಂಕುಮ ಇವರಿಂದಲೇ ಇಡಿಸುತ್ತಾರೆ. ಅವರ ಬದುಕಿನಲ್ಲಿ ಅವರದೇ ಎಂದು ಉಳಿದಿದ್ದ ದೊಡ್ಡಸ್ತಿಕೆ ಅದೊಂದೇ. ಆ ಕೈಯೇ ಸೊಸೆಯನ್ನು ಬಸ್ಸಿನ ಮುಂದೆ ಕೆಡವಿತು ಎಂದು ತಿಳಿದರೆ ಏನಾದಾರು ಎಂದು ಹೆದರಿದೆವು. ನಾಯಿ ಅಡ್ಡ ಬಂತು ಎಂದು ಹೇಳುವುದೆಂದು ತೀರ್ಮಾನಿಸಿದೆವು. ಬೆಂಗಳೂರಿನಲ್ಲಿ ನಾಯಿ ಅಡ್ಡ ಬಂತೆಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಅತ್ತೆ ನಂಬಿದರು. ನಂಬಿ, ನನ್ನ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ನಾನು ಪೂಜೆ ಮಾಡಿ ಹಾರ ಕಟ್ಟಿದ್ದಕ್ಕೆ ತಲೆಗೆ ಬಂದದ್ದು ತಲೆಪಾಗಿಗೆ ಹೋಯ್ತು ಕಣೇ" ಅಂದರು. ನಾನು ಗಂಡನ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

ಅಲ್ಲಿಗೆ ಮುಗಿದಿದ್ದರೆ ಸರಿಯಿತ್ತು. ಬಂದವರಿಗೆಲ್ಲ ಅತ್ತೆ ಈ ಕತೆ ಹೇಳಿದರು. ತರಕಾರಿಯವಳಿಗೆ, ಮೇಲಿನ ಮನೆಯವರಿಗೆ, ಶ್ರೀನಗರದ ತಂಗಿಗೆ. ಹೇಳುತ್ತ ಹೇಳುತ್ತ ಒಂದು ದಿನ, "ಇನ್ಮೇಲೆ ಪ್ರತಿ ಶುಕ್ರವಾರ ನಿನ್ನ ಗಾಡಿಗೆ ಹಾರ ಕಟ್ಟೇ ಕಟ್ತೀನಿ. ಬೇಡ ಅಂದ್ರೆ ನೋಡು" ಅಂದರು. ಸುಳ್ಳು ಹೇಳಿ ಅವರನ್ನು ಉಳಿಸಿದ್ದೆವು, ಈಗ ಆ ಸುಳ್ಳೇ ವಾರಕ್ಕೊಮ್ಮೆ ನನ್ನ ಚಕ್ರಕ್ಕೆ ಸುತ್ತಿಕೊಳ್ಳಲು ಹೊರಟಿತ್ತು.

ಸೈಕಲ್ ಬಿಟ್ಟುಬಿಡು ಎಂದರು ಗಂಡ. ಬಿಡುವುದಿಲ್ಲ ಅಂದೆ. ಅತ್ತೆಗೂ ನೋವಾಗಬಾರದು, ನನ್ನ ಕುತ್ತಿಗೆಯೂ ಉಳಿಯಬೇಕು. ಯೋಚಿಸಿದಾಗ ದಾರಿ ಕಂಡಿತು. ಹೂವು ಕಟ್ಟಲು ಜಾಗವೇ ಇಲ್ಲದ ಮಡ್‌ಗಾರ್ಡ್ ಹಾಕಿಸಿಬಿಡುವುದು. ಮೊದಲು ನಾನೇ ಮೂಗು ಮುರಿದಿದ್ದ ಆ ಗಿಡ್ಡ ಜಾತಿಯದು. ಮುಂದಿನದು ಚೌಕಟ್ಟಿನ ಕೊಳವೆಯ ಅಡಿಗೆ ಅಂಟಿಕೊಳ್ಳುತ್ತದೆ, ಹಿಂದಿನದು ಸೀಟಿನ ಕೆಳಗಿನಿಂದ ಚಾಚುತ್ತದೆ. ಎರಡಕ್ಕೂ ಕಂಬಿಯಿಲ್ಲ, ಚಕ್ರದ ಹತ್ತಿರ ದಾರ ಸುತ್ತಲು ಏನೂ ಇಲ್ಲ. ಬೆನ್ನು ಸ್ವಲ್ಪ ಕೆಸರಾದರೆ ಆಗಲಿ.

ಪ್ಲಾಸ್ಟರು ತೆಗೆದ ಮೇಲೆ ಬಿಟಿಎಂ ಲೇಔಟಿನ ಸೈಕಲ್ ಅಂಗಡಿಗೆ ಹೊರಟೆ. ಸೀರೆಗೆ ಸೇಫ್ಟಿಪಿನ್ ಹಾಕಿಕೊಂಡು ಅತ್ತೆಯೂ ಸಿದ್ಧವಾಗಿ ನಿಂತಿದ್ದರು. "ನಿನಗೆ ಆರಿಸೋಕೆ ಬರಲ್ಲ, ನಾನೂ ಬರ್ತೀನಿ." ಬೇಡವೆಂದರೆ ಅನುಮಾನ ಬರುತ್ತದೆ ಎಂದು ಆಟೋ ಹತ್ತಿಸಿದೆ.

ಅಂಗಡಿಯ ಹುಡುಗ ಧಾರವಾಡದ ಕಡೆಯವನು, ಬಾಯ್ತುಂಬ ಮಾತು. ನಾನು ಕೇಳಿದ ಗಾರ್ಡುಗಳನ್ನು ತೆಗೆದು ಗಾಜಿನ ಮೇಲಿಟ್ಟ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಚಕ್ರದಿಂದ ಇಷ್ಟು ದೂರ ಇದ್ರೆ ನೀರು ತಡಿಯುತ್ತೇನಪ್ಪ?"

"ಪೂರಾ ತಡಿಯಂಗಿಲ್ರಿ ಅಮ್ಮಾರ. ಮುಖಕ್ಕ ರಾಚೂದಿಲ್ಲ, ಅಷ್ಟ."

"ಹೂವು ಎಲ್ಲಿ ಕಟ್ಟೋದು ಇದಕ್ಕೆ?"

ಅವನು ನಕ್ಕ. ಆ ನಗು ಕೇಳಿದ ಕೂಡಲೇ ನನಗೆ ಏನೋ ಆಗಬಾರದ್ದು ಆಗಲಿದೆ ಎನ್ನಿಸಿತು. ಮಾತು ಬದಲಿಸೋಣವೆಂದು ಬಾಯಿ ತೆರೆದೆ. ಅವನು ಬಿಟ್ಟರೆ ತಾನೇ.

"ಹೂವಿನ ಸುದ್ದಿ ತಗೀಬ್ಯಾಡ್ರಿ ಅಮ್ಮಾರ. ಹಬ್ಬ ಮುಗದ ಮ್ಯಾಲ ಒಬ್ರು ಸರ್ ರಿಪೇರಿಗೆ ಸೈಕಲ್ ತಂದಿದ್ರು. ಅವರ ತಾಯಿ ಮುಂದಿನ ಗಾರ್ಡಿಗೆ ಚೆಂಡುಹೂವಿನ ಹಾರ ಕಟ್ಟಿದ್ರಂತ. ಅದು ಗಾಲ್ಯಾಗ ಸಿಕ್ಕು, ಅವರ ಮಿಸೆಸ್ಸು ಬಸ್ಸಿನ ಮುಂದ ಬಿದ್ದು ಕೈ ಮುರಕೊಂಡ್ರಂತ. ಪಾಪ, ಆ ಸರ್ ತಾಯಿಗೆ ಹೇಳಿಲ್ಲಂತ, ನಾಯಿ ಅಡ್ಡ ಬಂತು ಅಂತ ಹೇಳ್ಯಾರಂತ."

ನನ್ನ ಗಂಡನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಗೊತ್ತಿತ್ತು. ಆದರೆ ಕೆಟ್ಟ ಸೈಕಲ್ಲಿನ ಜೊತೆ ಮನೆಯ ಗುಟ್ಟನ್ನೂ ಅಂಗಡಿಯಲ್ಲಿ ಬಿಟ್ಟು ಬಂದಿದ್ದಾರೆಂದು ಗೊತ್ತಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಲಿಲ್ಲ. ಗಾಜಿನ ಮೇಲಿದ್ದ ಗಾರ್ಡಿನ ಮೇಲೆ ಇಟ್ಟಿದ್ದ ತಮ್ಮ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಆ ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡರು.

"ಇದನ್ನೇ ಕೊಡಪ್ಪ" ಅಂದರು. ಧ್ವನಿ ಸರಿಯಾಗಿಯೇ ಇತ್ತು.

ಆಟೋದಲ್ಲಿ ನಾನು ಏನೇನೋ ಹೇಳಿದೆ. ತಪ್ಪು ಹಾರದ್ದಲ್ಲ ಅತ್ತೆ, ಅಷ್ಟು ಬಿಗಿ ಗಾರ್ಡು ಆರಿಸಿದ ನನ್ನದು, ಮಳೆಯದು, ರಸ್ತೆಯದು ಎಂದೆ. ಅವರು ಹೊರಗೆ ನೋಡುತ್ತ ಹೂಂ ಅಂದರು. ಜಯನಗರ ದಾಟಿದ ಮೇಲೆ ಒಂದೇ ಒಂದು ಮಾತು ಕೇಳಿದರು. "ಬಸ್ಸು ಎಷ್ಟು ಹತ್ತಿರ ಇತ್ತು?" ದೂರ ಇತ್ತು ಅಂದೆ. ಅವರು ಅದನ್ನು ನಂಬಲಿಲ್ಲ.

ಅತ್ತೆಗೆ ಏನೂ ಆಗಲಿಲ್ಲ. ಆಸ್ಪತ್ರೆ, ಬಿಪಿ, ಅಳು, ರಂಪ, ನಾವು ಹೆದರಿದ್ದು ಒಂದೂ ನಡೆಯಲಿಲ್ಲ. ನಡೆದದ್ದು ಬೇರೆ. ಎದುರುಮನೆಯವರು ಹೊಸ ಸ್ಕೂಟರ್ ತಂದು ಕುಂಕುಮ ಇಡಲು ಕರೆದರೆ, ಮಂಡಿನೋವು, ಬೇರೆ ಯಾರನ್ನಾದರೂ ಕರೀರಿ ಅಂದರು. ಸಾರಿಗೆ ಹುಣಸೆಹಣ್ಣು ಜಾಸ್ತಿಯಾದರೆ ತಟ್ಟೆ ತಳ್ಳುತ್ತಿದ್ದವರು ಸುಮ್ಮನೆ ಉಂಡರು. ಕಾಲೇಜಿನಿಂದ ತಡವಾಗಿ ಬಂದರೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ನನ್ನ ಮೇಲಿನ ಸಿಟ್ಟು ಇದಾಗಿದ್ದರೆ ಜಗಳ ಮಾಡಿ ಮುಗಿಸುತ್ತಿದ್ದೆ. ಸಿಟ್ಟಲ್ಲ. ಅವರು ನನಗೆ ಹೆದರುತ್ತಿದ್ದರು. ಅದು ಅರ್ಥವಾದ ದಿನ ನನಗಾದ ಆಘಾತ ಬಸ್ಸಿನ ಮುಂದೆ ಬಿದ್ದಾಗಲೂ ಆಗಿರಲಿಲ್ಲ.

ಹೊಸ ಗಾರ್ಡು ಹಾಕಿಸಿಕೊಂಡು ಮತ್ತೆ ಹೊರಟ ಮೊದಲ ದಿನ ಶುಕ್ರವಾರ. ಸಣ್ಣಗೆ ಜಿನುಗುತ್ತಿತ್ತು. ನಾನು ಗೇಟು ತೆರೆಯುವಾಗ ಅತ್ತೆ ಹೊರಗೆ ಬಂದರು. ಕೈಯಲ್ಲಿ ಹಾರವಿರಲಿಲ್ಲ, ಹರಿವಾಣವಿರಲಿಲ್ಲ. ಉಂಗುರದ ಬೆರಳ ತುದಿಯಲ್ಲಿ ಚೂರು ಕುಂಕುಮ. ಸೈಕಲ್ಲಿನ ಹತ್ತಿರ ಬಂದವರು ಒಂದು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು.

"ಇಷ್ಟೇ ಇಷ್ಟು ಬೊಟ್ಟು" ಅಂದರು. "ಇಡ್ಲೇನಮ್ಮ?"

ಈ ಮನೆಯಲ್ಲಿ ಯಾರನ್ನೂ ಏನನ್ನೂ ಕೇಳಿ ಮಾಡಿದವರಲ್ಲ ಅವರು. ನನ್ನ ಮದುವೆಯ ಸೀರೆಯ ಬಣ್ಣವನ್ನೂ ನನ್ನನ್ನು ಕೇಳದೆ ಆರಿಸಿದವರು. ನನ್ನನ್ನು ಕಣೇ, ಬಾರೇ, ಹೋಗೇ ಎಂದು ಕರೆದವರೇ ಹೊರತು ಅಮ್ಮ ಎಂದವರಲ್ಲ. ಈಗ ನೆನೆಯುತ್ತ ನಿಂತು ನನ್ನ ಅಪ್ಪಣೆಗೆ ಕಾಯುತ್ತಿದ್ದರು.

"ಕೇಳ್ತೀರಲ್ಲ ಅತ್ತೆ ಅದನ್ನ" ಎಂದು ಗದರಿದೆ. "ಇಡಿ. ನಂಗೆ ಹೊತ್ತಾಯ್ತು."

ಅವರು ಎಲ್ಲಿ ಇಡುವುದೆಂದು ಹುಡುಕಿದರು. ಮುಂದಿನ ಚಕ್ರ ನೋಡಿದರು, ಕೈ ಹಿಂದೆಗೆದುಕೊಂಡರು. ಗಾರ್ಡು ನೋಡಿದರು, ಬೇಡವೆನ್ನಿಸಿತೇನೋ. ಕೊನೆಗೆ ಸೈಕಲ್ಲನ್ನು ಬಿಟ್ಟು, ಹೆಲ್ಮೆಟ್ಟಿನ ಕೆಳಗೆ ನನ್ನ ಹಣೆಗೆ ಬೆರಳೊತ್ತಿದರು.