ವರ್ಲನ್ ಟ್ಯಾಕೆಟ್ ಕೋಚ್ ಪರವಾಗಿ ಮಾತಾಡಬೇಕಿದ್ದ ದಿನ

ಹ್ಯಾಲ್ಬರ್ಟ್ ಕಾಲೇಜಿನ ಫುಟ್‌ಬಾಲ್ ತಂಡ ಆ ವರ್ಷದ ಒಂಬತ್ತನೆಯ ಪಂದ್ಯವನ್ನೂ ಸೋತ ಮೇಲೆ ಊರಿನಲ್ಲಿ ಉಳಿದದ್ದು ಒಂದೇ ಮಾತು: ಕೋಚ್ ಲೆಡ್‌ಬೆಟರ್‌ನನ್ನು ಇಟ್ಟುಕೊಳ್ಳುವುದೋ, ಕಳಿಸುವುದೋ. ಅಲಬಾಮಾದ ನದಿದಂಡೆಯ ಆ ಊರಿಗೆ ಇದ್ದದ್ದೇ ಎರಡು ಆಸರೆ, ಕಾಗದದ ಕಾರ್ಖಾನೆ ಮತ್ತು ಕಾಲೇಜು. ಕಾರ್ಖಾನೆ ಆಗಲೇ ಅರ್ಧ ಮುಚ್ಚಿತ್ತು. ಹಾಗಾಗಿ ಜನ ತಮ್ಮ ಮಾನವನ್ನೆಲ್ಲ ಹೆಲ್ಮೆಟ್ ತೊಟ್ಟು, ಚೆಂಡನ್ನು ಎದೆಗವುಚಿಕೊಂಡು ಓಡುವ ಹುಡುಗರ ಹೆಗಲಿಗೆ ಹೊರಿಸಿದ್ದರು. ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಸಾವಿನ ಮನೆಗೆ ಊಟ ಕೊಂಡೊಯ್ದಾಗಲೂ ಅದೇ ಜಗಳ.

ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಮೂವರು ಒಂದೇ ಮೇಜಿಗೆ ಕೂರುತ್ತಿದ್ದರು. ಒಬ್ಬ ವರ್ಲನ್ ಟ್ಯಾಕೆಟ್, ಅರವತ್ತೆಂಟರ ದಪ್ಪ ಆಸಾಮಿ. ಮೂವತ್ನಾಲ್ಕು ವರ್ಷ ಕಾರ್ಖಾನೆಯಲ್ಲಿ ಮರದ ತಿರುಳು ಬೇಯಿಸಿ ಉಸಿರು ಕೆಡಿಸಿಕೊಂಡು ನಿವೃತ್ತನಾದವನು. ಎಡಗೈಯ ಎರಡು ಬೆರಳು ಮೊಂಡು. ಇನ್ನೊಬ್ಬ ಹಾಯ್ಟ್, ಇನ್ಶೂರೆನ್ಸ್ ಮಾರಿ ಬದುಕಿದವನು, ಬಾಯಿ ದೊಡ್ಡದು. ಮೂರನೆಯವನು ಕ್ಲಿಯಾನ್. ಕಾಲೇಜಿನ ಆಟಗಾರರ ಬಟ್ಟೆ ಒಗೆದು, ಹೆಲ್ಮೆಟ್ಟು ಬೂಟು ಹಂಚುವ ಕೋಣೆಯಲ್ಲಿ ವಯಸ್ಸು ಸವೆಸಿ ಆ ವಸಂತದಲ್ಲಷ್ಟೇ ಕೆಲಸ ಬಿಟ್ಟಿದ್ದ. ಕಪ್ಪು ಜನರ ಓಣಿಯಿಂದ ಬಂದು ಆ ಮೇಜಿಗೆ ಕೂರುತ್ತಿದ್ದವನು ಅವನೊಬ್ಬನೇ. ಮಾತು ಕಡಿಮೆ.

ಹಾಯ್ಟ್‌ನ ವಾದ ಸರಳವಾಗಿತ್ತು. ಕೋಚ್‌ಗೆ ವಯಸ್ಸಾಯಿತು. ಒಳ್ಳೆಯ ಹುಡುಗರು ಒಂದು ವರ್ಷ ಆಡುವುದು, ಹೆಸರು ಬಂದ ಕೂಡಲೇ ದೊಡ್ಡ ಕಾಲೇಜಿಗೆ ಹಾರುವುದು. ಹೀಗೇ ಆದರೆ ಇನ್ನೆರಡು ವರ್ಷಕ್ಕೆ ಕಾಲೇಜಿನವರು ತಂಡವನ್ನೇ ಮುಚ್ಚುತ್ತಾರೆ. ವರ್ಲನ್‌ದು ಅದಕ್ಕೂ ಸರಳ. ಹಿಂದೊಮ್ಮೆ ಟೆನೆಸೀಯ ದೊಡ್ಡ ಕಾಲೇಜೊಂದು ಕರೆದಾಗ ಲೆಡ್‌ಬೆಟರ್ ಹೋಗಲಿಲ್ಲ. ಊರನ್ನು ಬಿಟ್ಟುಹೋಗದವನನ್ನು ಊರು ಬಿಡಬಾರದು.

"ಅದೊಂದನ್ನೇ ಎಷ್ಟು ವರ್ಷ ಅಂತ ಹೇಳ್ತೀಯ ಮಾರಾಯ?" ಎಂದ ಹಾಯ್ಟ್, ಮೆಕ್ಕೆಜೋಳದ ಗಂಜಿಗೆ ಬೆಣ್ಣೆ ಕಲಸುತ್ತ. "ಆಮೇಲೆ ಇನ್ಯಾರಾದ್ರೂ ಕರೆದ್ರಾ ಅವನನ್ನ? ಯಾರೂ ಕರೀದೇ ಇದ್ದಾಗ ಮನೇಲಿ ಕೂರೋದಕ್ಕೂ ನಿಷ್ಠೆ ಅಂತಾರಾ?"

ಪಕ್ಕದ ಮೇಜಿನವರು ನಕ್ಕರು. ವರ್ಲನ್ ನಗಲಿಲ್ಲ. ಅವನು ಕಪ್ಪನ್ನು ಕೆಳಗಿಟ್ಟು ಕಿಟಕಿಯಾಚೆ ನೋಡಿದ. ಅಷ್ಟಕ್ಕೇ ನಗು ನಿಂತಿತು. ಈ ವಿಷಯದಲ್ಲಿ ವರ್ಲನ್‌ನ ಎದುರು ಊರಿನವರು ಒಂದು ಮಿತಿ ದಾಟುತ್ತಿರಲಿಲ್ಲ. ಏಕೆಂದರೆ ಅವನ ಮಗ ಸಾಯುವ ಮುನ್ನ ಕುಸಿದದ್ದು ಅದೇ ಮೈದಾನದಲ್ಲಿ, ಅದೇ ಕೋಚ್‌ನ ಕೈಕೆಳಗೆ. ಆದರೂ ಕೋಚ್‌ನನ್ನು ಬಿಟ್ಟುಕೊಡದ ಅಪ್ಪನಿಗೆ ಬುದ್ಧಿ ಹೇಳಲು ಯಾರಿಗೆ ಧೈರ್ಯ?

ಕಾಲೇಜಿನ ತರಗತಿಯೊಳಗೆ ವರ್ಲನ್ ಒಂದು ದಿನವೂ ಕೂತವನಲ್ಲ. ಹತ್ತೊಂಬತ್ತಕ್ಕೇ ಕಾರ್ಖಾನೆ ಸೇರಿದ. ನದೀನ್‌ಳನ್ನು ಮದುವೆಯಾದ ವರ್ಷ ಮನೆಗೆ ಫ್ರಿಜ್ ಕೊಳ್ಳುವ ಮೊದಲು ಸ್ಟೇಡಿಯಂನಲ್ಲಿ ಕಾಯಂ ಜೋಡಿ ಸೀಟು ಕೊಂಡಿದ್ದ. ಎಷ್ಟೋ ವರ್ಷ ಮಕ್ಕಳಿಲ್ಲದೆ ಕಡೆಗೆ ಹುಟ್ಟಿದವನು ಲ್ಯಾನಿ. ಹದಿನೆಂಟಕ್ಕೆ ನೂರಮೂವತ್ತು ಕಿಲೋ ತೂಗುತ್ತಿದ್ದ, ಮೆದು ಮಾತಿನ ಹುಡುಗ. ಹ್ಯಾಲ್ಬರ್ಟ್ ತಂಡಕ್ಕೆ ಆಯ್ಕೆಯಾದ ದಿನ ಅಪ್ಪ ಕಾರ್ಖಾನೆಯ ಗೇಟಿನಲ್ಲಿ ನಿಂತು ಎರಡು ಪಾಳಿಯವರಿಗೂ ಬೇಯಿಸಿದ ಕಡಲೆಕಾಯಿ ಹಂಚಿದ್ದ. ಟ್ಯಾಕೆಟ್‌ರ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು.

ಆಗಸ್ಟ್‌ನ ತಾಲೀಮಿನ ಮೂರನೆಯ ದಿನ, ಬೆಂಕಿಯಂಥ ಬಿಸಿಲಿನಲ್ಲಿ, ಲ್ಯಾನಿ ಓಡುತ್ತ ಓಡುತ್ತ ಕುಸಿದ. ಆಸ್ಪತ್ರೆಗೆ ತಂದಾಗ ಮೈ ಕಾದ ಹಂಚಿನಂತಿತ್ತು. ಮರುದಿನ ಮಧ್ಯಾಹ್ನ ಹೋದ.

ಕುಸಿದ ದಿನದ ಹಿಂದಿನ ಸಂಜೆ ಲ್ಯಾನಿ ಹಾಸ್ಟೆಲಿನಿಂದ ಫೋನ್ ಮಾಡಿದ್ದ. ಹೊಟ್ಟೆ ಕೆಟ್ಟಿದೆ, ನೀರೂ ನಿಲ್ಲುತ್ತಿಲ್ಲ, ಬೆಳಿಗ್ಗೆ ಕೋಚ್‌ಗೆ ಹೇಳಲಾ ಎಂದು ಕೇಳಿದ್ದ. ಹೇಳಬೇಡ ಎಂದಿದ್ದ ವರ್ಲನ್. ಮೂರನೆಯ ದಿನಕ್ಕೇ ಕಾಯಿಲೆ ಎಂದರೆ ಜಾಗ ಹೋಗುತ್ತದೆ, ಹಲ್ಲು ಕಚ್ಚಿಕೊಂಡು ಇರು ಎಂದಿದ್ದ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನು ಇದನ್ನು ಒಬ್ಬನೇ ಒಬ್ಬನ ಮುಂದೆ ಹೇಳಿ ಅತ್ತ. ಕೋಚ್ ಲೆಡ್‌ಬೆಟರ್ ಮುಂದೆ. ಲೆಡ್‌ಬೆಟರ್ ಅವನ ಹೆಗಲ ಮೇಲೆ ಕೈಯಿಟ್ಟು, "ಇದು ನಿನ್ನ ನನ್ನ ಮಧ್ಯೆನೇ ಇರ್ಲಿ, ವರ್ಲನ್. ನದೀನ್‌ಗೆ ಗೊತ್ತಾಗೋದು ಬೇಡ. ಪಾಪ, ತಡ್ಕೊಳ್ಳಲ್ಲ" ಎಂದ.

ವಾರದ ಮೇಲೆ ಕಾಲೇಜಿನ ವಕೀಲ ಒಂದು ಕಾಗದ ತಂದ. ಹುಡುಗ ತನ್ನ ಕಾಯಿಲೆ ಮುಚ್ಚಿಟ್ಟಿದ್ದ, ಯಾರ ಮೇಲೂ ದೂರಿಲ್ಲ ಎಂದು ಅದರಲ್ಲಿತ್ತು. ವರ್ಲನ್ ಸಹಿ ಹಾಕಿದ. ಗಂಡ ಹಾಕಿದ್ದಾನೆಂದು ನದೀನ್ ಕೂಡ ಹಾಕಿದಳು. ಮುಂದಿನ ಇಪ್ಪತ್ತೊಂದು ವರ್ಷ ವರ್ಲನ್ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ನದೀನ್ ಮತ್ತೆಂದೂ ಸ್ಟೇಡಿಯಂಗೆ ಕಾಲಿಡಲಿಲ್ಲ. ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಜನ ಅದನ್ನು ನಿಷ್ಠೆ ಎಂದುಕೊಂಡರು. ತನ್ನ ತಪ್ಪನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡ ಕೋಚ್‌ನ ಋಣ ಅದೆಂದು ತಿಳಿದವನು ವರ್ಲನ್ ಒಬ್ಬನೇ.

ಕೋಚ್‌ನ ವಿಷಯ ತೀರ್ಮಾನಿಸಲು ಕಾಲೇಜಿನ ಆಡಳಿತ ಮಂಡಳಿ ಒಂದು ಗುರುವಾರ ಮಧ್ಯಾಹ್ನ ಊರಿನವರ ಸಭೆ ಕರೆಯಿತು. ಬೇಕಾದವರು ಹೆಸರು ಕೊಟ್ಟು ಮೂರು ನಿಮಿಷ ಮಾತಾಡಬಹುದು. ಹಾಯ್ಟ್ ಮೊದಲ ದಿನವೇ ಹೆಸರು ಬರೆಸಿದ. ವರ್ಲನ್‌ನ ಮನೆಗೆ ಕೋಚ್‌ನ ಆಫೀಸಿನಿಂದಲೇ ಫೋನ್ ಬಂತು: ನೀವು ಎದ್ದು ನಿಂತರೆ ಸಾಕು, ಮಿಕ್ಕವರ ಬಾಯಿ ಮುಚ್ಚುತ್ತದೆ.

ಬುಧವಾರ ಬೆಳಿಗ್ಗೆ ವರ್ಲನ್ ಹಿತ್ತಲ ಶೆಡ್ಡಿನಲ್ಲಿ ಕೂತು, ಹೇಳಬೇಕಾದ್ದನ್ನು ಮೊಂಡು ಬೆರಳಿನ ಕೈಯಿಂದ ಹಾಳೆ ಒತ್ತಿ ಹಿಡಿದು ಬರೆಯುತ್ತಿದ್ದ. ಕ್ಲಿಯಾನ್‌ನ ಗಾಡಿ ಬಂದು ನಿಂತಿತು. ಅವನು ಆ ಮನೆಗೆ ಬಂದದ್ದು ಲ್ಯಾನಿಯನ್ನು ಮಣ್ಣು ಮಾಡಿದ ದಿನ, ಆಮೇಲೆ ಅವತ್ತೇ. ಟೊಪ್ಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ನಾಳೆ ನೀನು ಮಾತಾಡ್ತೀಯಾ?"

"ಹ್ಞೂಂ. ಯಾಕೆ?"

"ಮಾತಾಡೋಕೆ ಮುಂಚೆ ಇದನ್ನ ಕೇಳಿಸ್ಕೋ. ಅವತ್ತು ಬೆಳಿಗ್ಗೆ ಲ್ಯಾನಿ ನನ್ನ ಕೋಣೆಗೆ ಬಂದಿದ್ದ. ಹೆಲ್ಮೆಟ್ಟಿನ ಪಟ್ಟಿ ಕಿತ್ತೋಗಿತ್ತು. ಹಾಕ್ಕೊಡ್ತಾ ಇದ್ದೆ. ಅಷ್ಟರಲ್ಲಿ ಕೋಚ್ ಬಂದ್ರು. ಹುಡುಗ ಹೇಳ್ದ. ಕೋಚ್, ನೆನ್ನೆಯಿಂದ ವಾಂತಿ ಆಗ್ತಿದೆ, ಕಾಲು ನಿಲ್ತಾ ಇಲ್ಲ ಅಂದ."

ವರ್ಲನ್ ಪೆನ್ನು ಕೆಳಗಿಡಲಿಲ್ಲ. ಕೋಚ್ ಏನೆಂದರು ಎಂದು ಕೇಳಿದ.

"ಆಚೆ ಹೋಗಿ ವಾಂತಿ ಮಾಡ್ಕೊಂಡು ಬಾ, ಆಮೇಲೆ ಎಲ್ರಿಗಿಂತ ಹತ್ತು ಸುತ್ತು ಜಾಸ್ತಿ ಓಡು ಅಂದ್ರು."

ಇನ್ನೊಮ್ಮೆ ಹೇಳು ಎಂದ ವರ್ಲನ್. ಕ್ಲಿಯಾನ್ ಇನ್ನೊಮ್ಮೆ ಹೇಳಿದ. ಆಮೇಲೆ, ಯಾರೂ ಕೇಳದಿದ್ದರೂ, ತನಗಾಗ ಮೂರು ಮಕ್ಕಳಿದ್ದುದನ್ನು, ಕಾಲೇಜು ಬಿಟ್ಟರೆ ತನ್ನಂಥವನಿಗೆ ಊರಿನಲ್ಲಿ ಬೇರೆ ಕೆಲಸ ಸಿಗದಿದ್ದುದನ್ನು ಹೇಳಿದ. ಬಟ್ಟೆ ಒಗೆಯುವ ಕಪ್ಪು ಮನುಷ್ಯನೊಬ್ಬನ ಮಾತು ವಕೀಲರ ಮುಂದೆ ನಿಲ್ಲುತ್ತಿತ್ತೇ ಎಂದ. ನೀನೂ ಸಹಿ ಹಾಕಿದೆ, ಹಾಗಾಗಿ ನನ್ನ ಬಾಯಿ ಬಿದ್ದುಹೋಯಿತು ಎಂದ. "ಪ್ರತಿ ಸೋಮವಾರ ಹೇಳ್ಬೇಕು ಅಂತಾನೇ ಬರ್ತಿದ್ದೆ. ನೀನು ಅವರನ್ನ ಹೊಗಳ್ತಿದ್ದೆ. ಕಾಫಿ ಕುಡಿದು ಎದ್ದು ಹೋಗ್ತಿದ್ದೆ."

ವರ್ಲನ್‌ಗೆ ಸಿಟ್ಟು ಬರಲಿಲ್ಲ. ಅಪ್ಪ ಬೇಡವೆಂದರೂ ಹುಡುಗ ಹೇಳಿದ್ದ. ಅದನ್ನು ಕೇಳಿಸಿಕೊಂಡವನೇ ಆಸ್ಪತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ಕೈಯಿಟ್ಟಿದ್ದ. ವರ್ಲನ್ ಕ್ಲಿಯಾನ್‌ಗೆ ಈಗ ಹೋಗು ಎಂದಷ್ಟೇ ಹೇಳಿದ.

ನದೀನ್ ಅಡುಗೆಮನೆಯ ಮೇಜಿನ ಮುಂದೆ ಪಿಕಾನ್ ಕಾಯಿ ಒಡೆದು ತಿರುಳು ತೆಗೆಯುತ್ತಿದ್ದಳು. ವರ್ಲನ್ ಎದುರು ಕೂತು ಮೊದಲು ಕ್ಲಿಯಾನ್ ಹೇಳಿದ್ದನ್ನು ಹೇಳಿದ. ಆಮೇಲೆ ಇಪ್ಪತ್ತೊಂದು ವರ್ಷ ಹೇಳದೇ ಇದ್ದದ್ದನ್ನು ಹೇಳಿದ. ಅವಳ ಕೈ ನಿಂತದ್ದು ಎರಡನೆಯದಕ್ಕೆ.

"ಅವತ್ತು ಸಾಯಂಕಾಲ ನಾನೆಲ್ಲಿದ್ದೆ?" ಎಂದು ಕೇಳಿದಳು.

"ಪಕ್ಕದ ರೂಮಲ್ಲಿ. ಬಟ್ಟೆ ಮಡಿಸ್ತಿದ್ದೆ."

"ಫೋನ್ ನನ್ನ ಕೈಗೆ ಯಾಕೆ ಕೊಡ್ಲಿಲ್ಲ?"

ಅವಳು ಸಿಪ್ಪೆಗಳನ್ನು ಅಂಗೈಯಿಂದ ಒಟ್ಟುಮಾಡಿ ಬುಟ್ಟಿಗೆ ಹಾಕಿ, ಎದ್ದು ಲ್ಯಾನಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗುರುವಾರ ಸಭಾಂಗಣ ತುಂಬಿತ್ತು. ಕೋಚ್ ಲೆಡ್‌ಬೆಟರ್ ಮುಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ. ಹಾಯ್ಟ್ ಅಂಕಿಅಂಶ ಓದಿ ಭವಿಷ್ಯ, ಭವಿಷ್ಯ ಎಂದು ನಾಲ್ಕು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ. ಹಳೆಯ ಆಟಗಾರನೊಬ್ಬ ಕೋಚ್ ತನ್ನನ್ನು ಮನುಷ್ಯನನ್ನಾಗಿ ಮಾಡಿದರು ಎಂದು ಕಣ್ಣೀರು ಹಾಕಿದ. ವರ್ಲನ್‌ನ ಹೆಸರು ಕರೆದರು. ಕೋಚ್ ತಿರುಗಿ ನೋಡಿ ಸಣ್ಣಗೆ ತಲೆಯಾಡಿಸಿದ.

ವರ್ಲನ್ ಬರೆದ ಹಾಳೆ ತಂದಿರಲಿಲ್ಲ. ತನ್ನ ಮಗ ಕಾಯಿಲೆ ಮುಚ್ಚಿಟ್ಟಿರಲಿಲ್ಲ ಎಂದು ಶುರುಮಾಡಿದ. ಮೊದಲು ತನ್ನ ತಪ್ಪು ಹೇಳಿದ, ಒಂದು ಮಾತೂ ಕಡಿಮೆ ಮಾಡದೆ. ಆಮೇಲೆ ಕೋಚ್‌ನದು. ಅವನ ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು. ಮಂಡಳಿಯ ಅಧ್ಯಕ್ಷೆ ನಡುವೆ ಬಾಯಿಹಾಕಿ, ಇದು ಗಂಭೀರವಾದ ಮಾತು, ಹೀಗೆಂದು ಹೇಳುವವರು ಯಾರು ಎಂದು ಕೇಳಿದಳು. ವರ್ಲನ್ ಹೆಸರು ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ನಾನು, ಮೇಡಂ," ಎಂದ ಕ್ಲಿಯಾನ್, ಎದ್ದು ನಿಂತು.

ಸಭೆ ಮುಗಿದ ಮೇಲೆ ಕೋಚ್ ಬಾಗಿಲ ಬಳಿ ವರ್ಲನ್‌ನನ್ನು ತಡೆದ. ಅವನ ಮುಖ ಸುಣ್ಣದಂತಾಗಿತ್ತು. ತುಂಬ ಹುಡುಗರು ಕಣ್ಮುಂದೆ ಹಾದುಹೋಗಿದ್ದಾರೆ, ಬೆಳಿಗ್ಗೆ ಎದ್ದರೆ ಒಬ್ಬನಲ್ಲ ಒಬ್ಬ ಏನಾದರೂ ನೆಪ ಹೇಳುತ್ತಿದ್ದ ಎಂದ. "ಅವನು ಹಾಗೆ ಹೇಳಿದ್ದು ನಂಗೆ ನೆನಪಿಲ್ಲ, ವರ್ಲನ್. ದೇವರಾಣೆ ನೆನಪಿಲ್ಲ."

ಅವನು ಸುಳ್ಳು ಹೇಳುತ್ತಿಲ್ಲವೆಂದು ವರ್ಲನ್‌ಗೆ ಅನ್ನಿಸಿತು. ಸುಳ್ಳಾಗಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ವಾರದಲ್ಲಿ ಲೆಡ್‌ಬೆಟರ್ ರಾಜೀನಾಮೆ ಕೊಟ್ಟ. ಕಾಲೇಜಿನ ಹೇಳಿಕೆಯಲ್ಲಿ ಅವನ ದೀರ್ಘ ಸೇವೆಗೆ ವಂದನೆ ಇತ್ತು. ಇತ್ತೀಚಿನ ಸೋಲುಗಳ ಪ್ರಸ್ತಾಪವೂ ಇತ್ತು. ಲ್ಯಾನಿಯ ಹೆಸರಿರಲಿಲ್ಲ. ಜಾರ್ಜಿಯಾದಿಂದ ಬಂದ ಹೊಸ ಕೋಚ್ ಮುಂದಿನ ವರ್ಷ ಏಳು ಪಂದ್ಯ ಗೆದ್ದ. ಊರು ಕುಣಿಯಿತು. ಆದರೆ ಹಳಬರಲ್ಲಿ ಕೆಲವರು ವರ್ಲನ್‌ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋದರು. ಕೆಳಗೆ ಬಿದ್ದವನನ್ನು ತುಳಿದ ಎಂದರು. ಸಹಿ ಹಾಕುವಾಗ ಬುದ್ಧಿ ಎಲ್ಲಿ ಹೋಗಿತ್ತು ಎಂದರು. ಎರಡನೆಯದಕ್ಕೆ ವರ್ಲನ್‌ನ ತಕರಾರಿರಲಿಲ್ಲ. ಹಾಯ್ಟ್ ಒಮ್ಮೆ ಫೋನ್ ಮಾಡಿ, ನಿನ್ನ ಮೂರು ನಿಮಿಷದಿಂದಲೇ ನಾವು ಗೆದ್ದದ್ದು ಎಂದ. ವರ್ಲನ್ ಫೋನ್ ಇಟ್ಟ. ಆ ಹೋಟೆಲಿಗೆ ಮತ್ತೆ ಹೋಗಲಿಲ್ಲ. ಸೋಮವಾರ ಕ್ಲಿಯಾನ್‌ನ ಜಗಲಿಗೆ ಹೋಗಿ ಕೂರುತ್ತಿದ್ದ. ಕ್ಷಮೆಯ ಮಾತನ್ನು ಇಬ್ಬರಲ್ಲಿ ಯಾರೂ ಎತ್ತಲಿಲ್ಲ.

ನದೀನ್ ಕ್ರಿಸ್‌ಮಸ್‌ಗೆಂದು ಮೊಬೀಲ್ ಪಟ್ಟಣದಲ್ಲಿರುವ ಅಕ್ಕನ ಮನೆಗೆ ಹೋದವಳು ಫೆಬ್ರವರಿಯಲ್ಲಿ ಬಂದಳು. ಹಾಸಿಗೆಯನ್ನು ಮಗನ ಕೋಣೆಗೆ ಸಾಗಿಸಿಕೊಂಡಳು. ಅಡುಗೆ ಮಾಡುತ್ತಿದ್ದಳು, ಅವನ ಔಷಧಿ ಎತ್ತಿಡುತ್ತಿದ್ದಳು, ಮಾತು ಮಾತ್ರ ಬೇಕಾದಷ್ಟೇ. ಹೀಗೇ ಕೆಲವು ತಿಂಗಳು ಕಳೆದ ಮೇಲೆ ಒಂದು ಸಂಜೆ ಊಟದ ಮೇಜಿನಲ್ಲಿ ಕೇಳಿದಳು: ಫೋನ್‌ನಲ್ಲಿ ಲ್ಯಾನಿ ಮೊದಲು ಏನೆಂದ, ದನಿ ಹೇಗಿತ್ತು, ನನ್ನನ್ನು ಕೇಳಿದನೇ, ಇಡುವ ಮುಂಚೆ ಏನೆಂದ. ವರ್ಲನ್ ಎಲ್ಲವನ್ನೂ ಹೇಳಿದ. ಆಗಲಿ ಅಪ್ಪ, ಅಮ್ಮನಿಗೆ ಹೇಳಬೇಡ, ಸುಮ್ಮನೆ ಗಾಬರಿ ಮಾಡಿಕೊಳ್ಳುತ್ತಾಳೆ ಎಂದಿದ್ದ. ಅದನ್ನೂ ಹೇಳಿದ.

ಅವಳು ಎರಡು ಮೂರು ವಾರಕ್ಕೊಮ್ಮೆ ಈಗಲೂ ಕೇಳುತ್ತಾಳೆ, ಎಂದೂ ಕೇಳಿಯೇ ಇಲ್ಲವೆಂಬಂತೆ. ಅವನು ತುತ್ತು ಕೆಳಗಿಟ್ಟು, ಉಸಿರು ಎಳೆದುಕೊಂಡು, ಮೊದಲಿನಿಂದ ಹೇಳುತ್ತಾನೆ.