ಬಾಯಿಲ್ಲದ ಹುಡುಗಿಗೆ ನಾನು ಕೊಟ್ಟ ಗಂಟಲು

ದಡ್ಡ ಕೆಲಸ ಮಾಡಿದವನು ನಾನೇ. ಆಮೇಲೆ ಗೊತ್ತಾಗಿ ನೀವು ಬೈಯುವುದಕ್ಕಿಂತ ಮೊದಲೇ ಹೇಳಿಬಿಡುವುದು ವಾಸಿ. ಒಂದು ವಿಡಿಯೊ ಗೇಮಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳಿಗೆ ಮಾತಿಲ್ಲ, ಮುಖದಲ್ಲಿ ಬಾಯಿಯನ್ನೇ ಬರೆದಿರಲಿಲ್ಲ. ಅವಳನ್ನು ಅವಳ ಪಾಡಿಗೆ ಬಿಡಲಾಗದೆ ನಾನು ಅವಳಿಗೊಂದು ಗಂಟಲು ಕೊಟ್ಟೆ. ಅದು ನನ್ನ ಗಂಟಲಾಗಿದ್ದರೆ ಚಿಂತೆ ಇರಲಿಲ್ಲ. ನನ್ನ ದೊಡ್ಡಪ್ಪನ ಮಗಳದು. ಅವಳನ್ನು ಒಂದು ಮಾತು ಕೇಳಿರಲೂ ಇಲ್ಲ.

ನಾನು ಮದ್ದೂರಿನವನು, ಡಿಗ್ರಿಯ ನೆಪದಲ್ಲಿ ಭಾರತೀನಗರಕ್ಕೆ ಹೋಗಿಬರುವವನು. ಕಂಡವರ ದನಿ ತೆಗೆಯುವುದು ನನ್ನ ಚಟ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕಂಡಕ್ಟರ್ ದನಿಯಲ್ಲಿ "ಫ್ಯಾಕ್ಟ್ರಿ ಸ್ಟಾಪು, ಇಳೀರಿ ಇಳೀರಿ" ಎಂದು ಕೂಗಿ, ಮಳವಳ್ಳಿಯವರೆಗೂ ಟಿಕೆಟ್ ತೆಗೆದಿದ್ದ ಇಬ್ಬರು ಯಜಮಾನರನ್ನು ನಡುದಾರಿಯಲ್ಲಿ ಇಳಿಸಿ, ಅವರ ಕೈಲಿ ಒದೆ ತಿನ್ನುವುದನ್ನು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದ್ದೇನೆ. ನನ್ನ ಮುಖವೇನೂ ಹೇಳಿಕೊಳ್ಳುವಂಥದಲ್ಲ. ಎಲ್ಲಿಗೆ ಹೋದರೂ ನನಗಿಂತ ಮುಂಚೆ ನನ್ನ ಕಿವಿಗಳು ಒಳಗೆ ಹೋಗುತ್ತವೆ. ಆದರೆ ಬಾಯಿ ಬಿಟ್ಟರೆ ಜನ ಕಿವಿಗಳನ್ನು ಮರೆಯುತ್ತಾರೆ.

ದೊಡ್ಡಪ್ಪನ ಮನೆ ಕೊತ್ತತ್ತಿಯಲ್ಲಿ. ಅವರ ಮಗಳು ನನಗಿಂತ ಸ್ವಲ್ಪ ಚಿಕ್ಕವಳು. ಪಿಯುಸಿಗೆಂದು ಮೈಸೂರಿನ ಹಾಸ್ಟೆಲ್ಲಿಗೆ ಹೋದವಳು, ಅಲ್ಲಿ ಒಗ್ಗದೆ, ಅತ್ತು ಅತ್ತು, ವರ್ಷದ ನಡುವೆಯೇ ಚೀಲ ಹೊತ್ತು ವಾಪಸು ಬಂದಳು. ದೊಡ್ಡಪ್ಪ ಹತ್ತಿರದ ಕಾಲೇಜಿಗೆ ಸೇರಿಸಿದರೆ ಅಲ್ಲಿಗೂ ಹೋಗಲಿಲ್ಲ. ಕೋಣೆ ಸೇರಿಕೊಂಡಳು. ಊಟಕ್ಕೆ ಕರೆದರೆ "ಬ್ಯಾಡ, ಬುಡು." ಗದ್ದೆ ಕಡೆ ಬಾರಮ್ಮಿ ಎಂದರೆ "ನಾ ಬರಕಿಲ್ಲ, ಬುಡು." ನಿದ್ದೆಯಲ್ಲಿ ಅದ್ದಿ ತೆಗೆದಂಥ ದಪ್ಪ ದನಿ ಅವಳದು. ಆ ದನಿ ಬಾಗಿಲ ಸಂದಿಯಿಂದ ಅಷ್ಟೇ ಅಷ್ಟು ಹೊರಗೆ ಬಂದು ನಿಂತುಬಿಡುತ್ತಿತ್ತು.

ಒಳಗೆ ಅವಳು ಆಡುತ್ತಿದ್ದದ್ದು ಈ ಗೇಮು. ಒಂದಲ್ಲ, ಸಾಲಾಗಿ ಮೂರು ಭಾಗ ಬಂದಿದ್ದವು. ಮೂರರಲ್ಲೂ ಅದೇ ಹುಡುಗಿ, ಹೈಸ್ಕೂಲು ವಯಸ್ಸಿನವಳು, ಎರಡು ಜಡೆ, ಕೆಂಪು ರಿಬ್ಬನ್ನು. ಎಚ್ಚರವಿದ್ದಾಗ ಮನೆ ಬಿಟ್ಟು ಕದಲುವುದಿಲ್ಲ. ಮಲಗಿದಳೋ, ಕನಸಿನೊಳಗೆ ಊರೂರು ಅಲೆಯುತ್ತಾಳೆ. ಮಂಚಗಳೇ ಬೆಳೆದು ನಿಂತ ಕಾಡು, ಆಕಾಶದಿಂದ ಇಳಿಬಿದ್ದ ಮೆಟ್ಟಿಲು, ಕಪ್ಪು ನೀರಿನ ಮೇಲೆ ತೇಲುವ ಸ್ಕೂಲು. ಹೆದರಿಕೆಯಾದರೆ ಜಡೆಯ ರಿಬ್ಬನ್ ಬಿಚ್ಚಬೇಕು, ಎಚ್ಚರವಾಗುತ್ತದೆ. ಗುರಿ ಇಲ್ಲ, ಶತ್ರು ಇಲ್ಲ, ಯಾರೂ ಏನೂ ಹೇಳಿಕೊಡುವುದಿಲ್ಲ. ಅಲೆಯುವುದೇ ಆಟ.

ಒಂದು ಭಾನುವಾರ ಅವಳ ಕೋಣೆಗೆ ಹೋಗಿ ಅದನ್ನು ಮೊದಲ ಸಲ ನೋಡಿದಾಗ ನನ್ನ ಮೈಮೇಲಿನ ರೋಮವೆಲ್ಲ ಎದ್ದು ನಿಂತಿತು. "ಇದೇನಮ್ಮಿ ಇದು! ಆ ಕಡೆ ಓಗು, ಆ ಕಡೆ! ಅದ್ಯಾವುದೋ ಬಾಗ್ಲು ಅದೆ!" ಎಂದು ಕುಣಿದೆ.

"ಸುಮ್ನೆ ಕುಂತ್ಕೊಳದಾದ್ರೆ ಕುಂತ್ಕೊ. ಇಲ್ದಿದ್ರೆ ನಡಿ ಆಚೆಗೆ," ಎಂದಳು.

ಕೂತೆ. ಸುಮ್ಮನೆ ಕೂರುವುದು ಮಾತ್ರ ನನ್ನ ಜಾಯಮಾನದಲ್ಲಿಲ್ಲ. ಕಪ್ಪು ನೀರಿನ ತೂಬಿನ ಹತ್ತಿರ ತಲೆಯ ಜಾಗದಲ್ಲಿ ಲಾಟೀನು ಇರುವ ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. ಊರಿನ ಗದ್ದೆಗಳಿಗೆ ಸರದಿಯಂತೆ ನಾಲೆ ನೀರು ಬಿಡುವ ನೀರುಗಂಟಿಯ ದನಿ ತೆಗೆದೆ: "ಇವತ್ತು ನಿಂದಲ್ಲ ಕಣವ್ವೋ ಸರದಿ. ಇವತ್ತು ಮೇಲ್ಗಡೆಯೋರ್ದು. ಎಷ್ಟು ಕನಸು ಕಂಡ್ರೂ ನೀರು ನಾಳಿಕ್ಕೇಯ!"

ಅವಳು ದಿಂಬಿಗೆ ಮುಖ ಒತ್ತಿದಳು. ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಗಾಬರಿಯಾಗಿ ಎದ್ದರೆ, ನಗುತ್ತಿದ್ದಾಳೆ! ಅಡುಗೆಮನೆಯಲ್ಲಿ ರಾಗಿ ಹಿಟ್ಟಿಗೆ ಕೋಲಾಡಿಸುತ್ತಿದ್ದ ದೊಡ್ಡಮ್ಮ ಕೋಲು ಹಿಡಿದುಕೊಂಡೇ ಓಡಿ ಬಂದು ಬಾಗಿಲಲ್ಲಿ ನಿಂತರು. ಮಗಳ ನಗು ಕೇಳಿ ಎಷ್ಟೋ ತಿಂಗಳಾಗಿತ್ತು ಅವರಿಗೆ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ನನ್ನ ಡ್ಯೂಟಿ ಅಲ್ಲೇ. ಕನಸಿನ ಕಪ್ಪು ಹಕ್ಕಿಗಳಿಗೆ ನನ್ನ ಸೋದರತ್ತೆಯರ ದನಿ, ಗೋಡೆಯೊಳಗಿನ ಕಣ್ಣಿಗೆ ನಮ್ಮ ಹೆಡ್ ಮಾಸ್ಟರದು, ತೇಲುವ ಮಂಚಕ್ಕೆ ಕಬ್ಬಿನ ಟ್ರ್ಯಾಕ್ಟರಿನ ಎಂಜಿನ್ನು. ಅವಳು ಬಟನ್ ಒತ್ತುತ್ತ, ನಗುತ್ತ, "ಅತ್ತೆ ಇನ್ನೂ ಮೂಗಲ್ಲಿ ಮಾತಾಡ್ತರೆ ಕಣ್ಲಾ" ಎಂದು ನನ್ನನ್ನೇ ತಿದ್ದುತ್ತಿದ್ದಳು. ಒಂದೇ ಷರತ್ತು.

"ಆ ಉಡುಗಿಗೆ ಮಾತ್ರ ವಾಯ್ಸ್ ಕೊಡ್ಬ್ಯಾಡ ಕಣ್ಲಾ. ಅವ್ಳಿಗೆ ಮಾತಾಡಕ್ಕೆ ಇಷ್ಟ ಇಲ್ಲ."

"ಆಯ್ತು ಬುಡಮ್ಮಿ," ಎಂದೆ. ಮನಸ್ಸಿನಿಂದಲೇ ಎಂದೆ, ಆ ಗಳಿಗೆಯಲ್ಲಿ.

ಮೂರನೆಯ ಭಾಗ ಮುಗಿಯುವುದು ಒಂದು ಬೀದಿ ಬಾಗಿಲ ಮುಂದೆ. ಹುಡುಗಿ ಚಿಲಕಕ್ಕೆ ಕೈ ಇಡುತ್ತಾಳೆ, ಪರದೆ ಕಪ್ಪಾಗುತ್ತದೆ. ನಾಲ್ಕನೆಯ ಭಾಗ ಸದ್ಯದಲ್ಲೇ ಬರುತ್ತದೆ ಎಂಬ ಸುದ್ದಿ ಬಂದಿತ್ತು. ಅದನ್ನು ಬಂದ ದಿನವೇ ಇಬ್ಬರೂ ಸೇರಿ ಆಡಬೇಕು ಎಂದು ಮಾತಾಗಿತ್ತು.

ಆ ಖುಷಿಯೇ ತಲೆಗೇರಿತು. ಒಂದು ಮಧ್ಯಾಹ್ನ ಕ್ಲಾಸಿಗೆ ಚಕ್ಕರ್ ಹೊಡೆದು, ಗೆಳೆಯನ ರೂಮಿನಲ್ಲಿ ಮೊದಲ ಭಾಗವನ್ನು ಆಡುತ್ತ ನಮ್ಮೂರ ಮಾತಿನಲ್ಲಿ ಡಬ್ ಮಾಡಿ ವಿಡಿಯೊ ಮಾಡಿದೆ. ನೀರುಗಂಟಿ, ಅತ್ತೆಯರು, ಹೆಡ್ ಮಾಸ್ಟರು ಎಲ್ಲರೂ ಬಂದರು. ಹುಡುಗಿ ಮಾತ್ರ ಸುಮ್ಮನಿದ್ದಳು. ಗೆಳೆಯ, "ಈರೋಯಿನ್ನೇ ಮೂಗಿ ಆದ್ರೆ ಎಂಗ್ಲಾ?" ಎಂದ. ಅಷ್ಟು ಸಾಕಾಯಿತು. ನನ್ನ ಗಂಟಲೊಳಗೆ ಆ ದಪ್ಪ ದನಿ ಮೊದಲಿಂದಲೂ ರೆಡಿ ಇತ್ತು. ಮಂಚದ ಕಾಡು ಕರೆದರೆ ಹುಡುಗಿ ಹೇಳುತ್ತಾಳೆ: "ನಾ ಬರಕಿಲ್ಲ, ಬುಡು." ಆಕಾಶದ ಮೆಟ್ಟಿಲು ಇಳಿದು ಬಂದರೆ: "ಬ್ಯಾಡ, ಬುಡು."

ನೆಟ್ಟಿಗೆ ಹಾಕಿದ್ದೇ ತಡ, ವಿಡಿಯೊ ಓಡಿತು ನೋಡಿ! ಮಂಡ್ಯದ ಟೀ ಅಂಗಡಿಯಲ್ಲಿ ಯಾರೋ ಬನ್ನು ಕೊಡಲೇ ಎಂದರೆ ಇನ್ಯಾರೋ "ಬ್ಯಾಡ, ಬುಡು" ಎನ್ನುತ್ತಾರೆ, ಅದೇ ದನಿಯಲ್ಲಿ! ಗೆಜ್ಜಲಗೆರೆಯ ಫ್ಯಾಕ್ಟರಿಗೆ ಹೋಗುವ ನನ್ನ ಭಾವ ಫೋನ್ ಮಾಡಿ, "ನಮ್ ಸೂಪರ್ವೈಜರ್ ಓವರ್ ಟೈಮಿಗೆ ಕರುದ್ರೆ ಇಡೀ ಲೈನು 'ನಾ ಬರಕಿಲ್ಲ, ಬುಡು' ಅಂತದೆ ಕಣೋ" ಎಂದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಕನ್ನಡಿಯಲ್ಲಿ ಕಿವಿಗಳೂ ಅಂದವಾಗಿ ಕಂಡವು.

ಸುತ್ತಿ ಸುತ್ತಿ ಅದು ದೊಡ್ಡಮ್ಮನ ಮೊಬೈಲಿಗೂ ಬಂತು. ಅವರಿಗೆ ಗೇಮು ಗೊತ್ತಿಲ್ಲ, ತಮಾಷೆ ಗೊತ್ತಿಲ್ಲ, ದನಿ ಮಾತ್ರ ಗೊತ್ತಾಯಿತು. ಹಿಗ್ಗಿನಿಂದ ಮಗಳ ಕೋಣೆಗೆ ಓಡಿದರಂತೆ: "ನೋಡ್ ಬಾ ಮೊಗಾ, ಮೊಬೈಲಲ್ಲಿ ನೀನು ಮಾತಾಡ್ತಾ ಇದೀಯೆ! ಊರೆಲ್ಲಾ ಕೇಳ್ತಾವ್ರೆ!"

ಅವಳು ಪೂರ್ತಿ ನೋಡಿ, ಮೊಬೈಲು ವಾಪಸು ಕೊಟ್ಟು, ಚಿಲಕ ಹಾಕಿಕೊಂಡಳು. ನನಗೆ ಒಂದು ಮೆಸೇಜು ಬಂತು: "ನೀವು ಇನ್ನು ಬರುವುದು ಬೇಡ ಅಣ್ಣ." ಹುಟ್ಟಿದಾಗಿನಿಂದ ನನ್ನನ್ನು 'ಲೇ' ಎಂದವಳು. ಈಗ 'ನೀವು', 'ಅಣ್ಣ'! ಆ ಕೋಣೆಗೆ ಅವಳು ಬಿಟ್ಟುಕೊಂಡಿದ್ದದ್ದು ನನ್ನೊಬ್ಬನನ್ನು. ಬಾಗಿಲು ನನಗೂ ಮುಚ್ಚಿದರೆ ಒಳಗೆ ಅವಳೊಬ್ಬಳೇ.

ವಿಡಿಯೊ ಅಳಿಸಿದೆ. ಅದರ ಮಾರನೆಯ ದಿನವೇ ನಾಲ್ಕನೆಯ ಭಾಗ ಬಂತು! ಮದ್ದೂರಿನಿಂದ ಮಂಡ್ಯಕ್ಕೆ ನಿಂತುಕೊಂಡೇ ಬಂದು, ಮಂಡ್ಯದಲ್ಲಿ ಹೊರಟಿದ್ದ ಬಸ್ಸನ್ನು ಓಡಿ ಹತ್ತಿ, ಕೊತ್ತತ್ತಿಯಲ್ಲಿ ಇಳಿದು ಮನೆಯವರೆಗೂ ಓಡಿದೆ. ದಾರಿಯುದ್ದಕ್ಕೂ ಒಂದು ಯೋಚನೆ ಹೊಳೆದು ಕುಣಿಯುವಂತಾಗಿತ್ತು. ನಮ್ಮ ಕಡೆ ದೊಡ್ಡ ತಪ್ಪು ಮಾಡಿದವನು ಒಬ್ಬನೇ ಬಂದು ಕ್ಷಮೆ ಕೇಳುವುದಿಲ್ಲ, ನಾಲ್ಕು ಜನ ಹಿರಿಯರನ್ನು ಕರೆತಂದು ಅವರ ಬಾಯಲ್ಲಿ ಹೇಳಿಸುತ್ತಾನೆ. ನಾನು ಯಾರನ್ನೂ ಕರೆಯಬೇಕಿರಲಿಲ್ಲ. ಎಲ್ಲರೂ ನನ್ನ ಗಂಟಲಲ್ಲೇ ಇದ್ದರಲ್ಲ!

ಮುಚ್ಚಿದ ಬಾಗಿಲ ಮುಂದೆ ಪಂಚಾಯ್ತಿ ಶುರು ಮಾಡಿದೆ. ಊರ ಯಜಮಾನರು ಕೆಮ್ಮಿದರು: "ಅಲ್ಲ ಕಣಮ್ಮಿ, ಐಕ್ಳು ಅಂದ್ಮೇಲೆ ತಪ್ಪು ಮಾಡ್ತವೆ. ಇವ್ನು ಐಕ್ಳೊಳಗೆ ಕತ್ತೆ. ಒಟ್ಟೆಗಾಕ್ಕೊಂಬುಡು."

ನೀರುಗಂಟಿ ಎದ್ದ: "ಇವನ್ ತಲೆ ಬೀಳು ಬಿದ್ದದೆ ಕಣವ್ವ. ನಾಳಿಕ್ಕೆ ನಾನೇ ನೀರು ಬುಡ್ತೀನಿ."

ಹೆಡ್ ಮಾಸ್ಟರು ಬಸ್ಕಿಯ ತೀರ್ಪು ಕೊಟ್ಟರು. ನಾನೇ ತೀರ್ಪು ಕೊಟ್ಟು ನಾನೇ ಕಿವಿ ಹಿಡಿದು ಬಸ್ಕಿ ಹೊಡೆದೆ. ಹಿಡಿಯಲು ಕಿವಿಯಂತೂ ಧಾರಾಳವಾಗಿ ಇತ್ತು. ಪಕ್ಕದ ಮನೆಯ ಹೆಂಗಸರು ಬಂದು ಸೆರಗು ಬಾಯಿಗೆ ಒತ್ತಿ ನಕ್ಕರು. ದೊಡ್ಡಪ್ಪ, "ಯಜಮಾನ್ರು ಒಂದ್ಸಲ ಕೆಮ್ಮಕಿಲ್ಲ ಕಣ್ಲಾ, ಎರಡ್ಸಲ ಕೆಮ್ತರೆ" ಎಂದು ತಿದ್ದಿದರು.

ಒಳಗಿನಿಂದ ಆ ದಪ್ಪ ದನಿ ಬಂತು: "ಅವರೆಲ್ಲ ಊಟ ಮಾಡ್ಕೊಂಡು ಓಗ್ಲಿ. ನನ್ ವಾಯ್ಸ್ ಎತ್ಕೊಂಡೋದೋನು ಅವ್ರೊಳಗೆ ಯಾವನು?"

ಪಂಚಾಯ್ತಿ ಅಲ್ಲಿಗೇ ಚದುರಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದರೆ ಯಜಮಾನರ ಕೆಮ್ಮು ಬಂತು, ನುಂಗಿಕೊಂಡೆ. ಅತ್ತೆಯ ಮೂಗು ಬಂತು, ಅದನ್ನೂ ನುಂಗಿದೆ. ಕೊನೆಗೆ ಉಳಿದದ್ದು ತೆಳ್ಳನೆಯ, ಎಲ್ಲೂ ಉಪಯೋಗಿಸದ ಒಂದು ದನಿ.

"ನಾನೇ ಕಣಮ್ಮಿ. ನೀನು ಬ್ಯಾಡ ಅಂದಿದ್ದೆ, ಆದ್ರೂ ಮಾಡ್ದೆ. ಜನ ನಗ್ತಾರೆ ಅಂತ ಮಾಡ್ದೆ. ತಪ್ಪಾಯ್ತು. ವಿಡಿಯೊ ತೆಗ್ದಾಕಿದೀನಿ."

ದೊಡ್ಡಮ್ಮ ಬಾಗಿಲಿಗೆ ಕಿವಿಗೊಟ್ಟರು. ಒಳಗಿನಿಂದ ಅವಳು ಕೇಳಿದಳು:

"ಇದು ಯಾರ ವಾಯ್ಸು?"

"ನಂದೇ."

ಚಿಲಕ ಸರಿಯಿತು. ಬಾಗಿಲು ಅರ್ಧ ತೆರೆದು, ಕೆದರಿದ ತಲೆ ಹೊರಹಾಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿ ಅವಳು ಹೇಳಿದ್ದು ಇಷ್ಟು:

"ಸುಮಾರಾಗದೆ ಕಣ್ಲಾ, ಇದ್ರಲ್ಲಿ ವಿಡಿಯೊ ಮಾಡುದ್ರೆ ಒಬ್ನೂ ನೋಡಕಿಲ್ಲ. ಇದ್ನೇ ಇಟ್ಕೊಂಡು ಒಳಿಕ್ ಬಾ."